ಹನ್ನೆರಡು ಹಾಳೆಯ ತೋಳು

'ಡಾಕ್ಟರು ಬಾಗಿಲು ತೆರೆದು ಹೊರಗೆ ಬಂದರು' ಎನ್ನುವವರೆಗೆ ಓದಿ ಅವಳ ನಾಲಗೆ ನಿಂತುಬಿಟ್ಟಿತು.

ಗಟ್ಟಿಯಾಗಿ ಓದುವವರ ಕಣ್ಣು ನಾಲಗೆಗಿಂತ ಒಂದು ಸಾಲು ಮುಂದಿರುತ್ತದೆ. ಮುಂದಿನ ಸಾಲಿನಲ್ಲಿ ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಅದರ ಮುಂದಿನದು ಮೂರೇ ಪದದ ಸಾಲು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತ ಓದುತ್ತಿದ್ದವಳು ಕೋಣೆಯ ನಡುವೆ, ಫ್ಯಾನಿನ ಕೆಳಗೆ ನಿಂತಳು.

"ಆಮೇಲೆ?" ಎಂದಳು ಗಿಣಿ. ಬಾಯಿ ಬಿಟ್ಟರೆ ಮುಚ್ಚುವುದಿಲ್ಲವೆಂದು ಅವಳಿಗೆ ಆ ಹೆಸರು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. "ಏನಂದ್ರು ಡಾಕ್ಟ್ರು? ಟೀಚರ್, ಇಂಥ ಜಾಗದಲ್ಲೇ ನಿಮಗೆ ನೀರಡಿಕೆ ಆಗುತ್ತೆ ನೋಡಿ."

"ಡಾಕ್ಟರು ನಕ್ಕರು," ಎಂದಳು ಅವಳು.

ಪುಸ್ತಕದಲ್ಲಿ ಡಾಕ್ಟರು ನಕ್ಕಿರಲಿಲ್ಲ.

ಉಲ್ಲನ್ ಅಂಗಡಿಯ ಮಹಡಿಯ ಮೇಲಿನ ಉದ್ದನೆಯ ಕೋಣೆ ಅದು. ಕಿಟಕಿಯ ಬದಿಯ ಬೆಂಚಿನಲ್ಲಿ ಮೂವರು ಹೆಂಗಸರು ಕೂತು ಹೆಣೆಯುತ್ತಿದ್ದರು. ದೊಡ್ಡಮ್ಮ ಮತ್ತು ಗಿಣಿ ಮಕ್ಕಳ ಸ್ವೆಟರು, ಮೂರನೆಯವಳು ಕಾರ್ಡಿಗನ್ನು. ದೊಡ್ಡಮ್ಮ ಅಲ್ಲಿ ಯಾರಿಗೂ ದೊಡ್ಡಮ್ಮನಾಗಬೇಕಿರಲಿಲ್ಲ. ಮೂವತ್ತು ವರ್ಷದಿಂದ ಅದೇ ಬೆಂಚಿನ ಅದೇ ಮೂಲೆಯಲ್ಲಿ ಕೂತು ಎಲ್ಲರಿಗೂ ದೊಡ್ಡಮ್ಮನಾಗಿದ್ದಳು. ಕಾರ್ಡಿಗನ್ನಿನವಳನ್ನು ಎಲ್ಲರೂ ಬರೀ ಅಕ್ಕ ಎನ್ನುತ್ತಿದ್ದರು. ಅವಳ ಮಾತು ವಾರಕ್ಕೆ ನಾಲ್ಕು.

ಹೆಣೆಯುವವರು ಸಾಲು ಎಣಿಸಬೇಕು. ಎಣಿಸಿದರೆ ಕಥೆ ತಲೆಗೆ ಹತ್ತುವುದಿಲ್ಲ. ಅದಕ್ಕೇ ಈ ಕೋಣೆಯವರು ಎಣಿಸುವ ಕೆಲಸವನ್ನು ಪುಸ್ತಕಕ್ಕೇ ಬಿಟ್ಟುಕೊಟ್ಟಿದ್ದರು. ವರ್ಷಗಟ್ಟಲೆ ಜೊತೆಗೆ ಕೂತು ಮೂವರ ಕೈಯೂ ಒಂದೇ ನಡೆಗೆ ಬಂದಿತ್ತು. ಓದುವವಳು ಒಂದು ಹಾಳೆ ಮುಗಿಸಿ ಮಗುಚುವಷ್ಟರಲ್ಲಿ ಮಗುವಿನ ತೋಳು ನಾಲ್ಕು ಸಾಲು ಏರುತ್ತಿತ್ತು. ಮಗುಚಿದ ಸದ್ದಿಗೆ ದೊಡ್ಡಮ್ಮ ಕಣ್ಣೆತ್ತದೆ ಎಡಗಡೆಯ ಬಟ್ಟಲಿನಿಂದ ಒಂದು ಗುಂಡಿ ತೆಗೆದು ಬಲಗಡೆಯ ಬಟ್ಟಲಿಗೆ ಹಾಕುತ್ತಿದ್ದಳು. ಹನ್ನೆರಡು ಗುಂಡಿಯಾದರೆ ತೋಳು ಮುಗಿಯಿತು. ಬೆನ್ನಿಗೆ ಹದಿನೆಂಟು. ಅಕ್ಕನ ಕಾರ್ಡಿಗನ್ನಿನ ಮುಂಭಾಗಕ್ಕೆ ಮೂವತ್ತು. ಹೊಸದಾಗಿ ನೋಡಿದವರಿಗೆ ಇದು ಹುಡುಗಾಟವೆನಿಸಬಹುದು. ಆದರೆ ಒಂದು ಅಂಗಿಯೂ ಅಳತೆ ತಪ್ಪಿರಲಿಲ್ಲ.

ಓದುವವಳು ಇಲ್ಲಿಗೆ ಬಂದದ್ದೂ ಹೆಣೆಯುವುದಕ್ಕೇ. ಎರಡನೇ ವಾರದಲ್ಲೇ ಅವಳ ಕೈಯಲ್ಲಿ ಹೆಣಿಗೆ ಬರುವುದಿಲ್ಲವೆಂದು ಗೊತ್ತಾಯಿತು. ಕುಣಿಕೆಗಳನ್ನು ಎಷ್ಟು ಬಿಗಿದು ಹಾಕುತ್ತಿದ್ದಳೆಂದರೆ ಕಡ್ಡಿ ಅಲ್ಲಾಡುತ್ತಿರಲಿಲ್ಲ. ಆಗಲೇ ಹಿಂದೆ ಓದುತ್ತಿದ್ದವಳು ಬಿಟ್ಟುಹೋದದ್ದು. "ಕಾಲೇಜು ಮೆಟ್ಟಿಲು ಹತ್ತಿದೋಳಲ್ವಾ, ಓದು," ಎಂದು ಅಂಗಡಿಯ ಯಜಮಾನಿ ಪುಸ್ತಕ ಕೈಗಿಟ್ಟಿದ್ದಳು. ಕೂತು ಓದಲು ಅವಳಿಂದ ಆಗಲಿಲ್ಲ. ಎಲ್ಲಿ ಕೂತರೂ ಐದು ನಿಮಿಷಕ್ಕೆ ಮೊಣಕಾಲು ತಾನಾಗಿ ಕುಣಿಯಲು ತೊಡಗುತ್ತಿತ್ತು. ಓಡಾಡಿಕೊಂಡು ಓದಿದಳು, ಗಿಣಿಯ ಬಾಯಲ್ಲಿ ಟೀಚರ್ ಆದಳು. ಬೆಳಿಗ್ಗೆ ಪತ್ರಿಕೆ, ಆಮೇಲೆ ಮೂರು ಗಂಟೆ ಕಾದಂಬರಿ.

ಇವಳು ಬಂದ ಮೊದಲ ದಿನವೇ ಗಿಣಿ, "ನಿಮ್ಮೆಜಮಾನ್ರಿಗೆ ಎಲ್ಲಿ ಕೆಲಸ?" ಎಂದು ಕೇಳಿದ್ದಳು. ಸೇತುವೆ ಕಟ್ಟುವ ಕಂಪನಿ ಎಂದು ಇವಳು ಹೇಳಿದಳು. ದೂರನಾ? ದೂರ. ಯಾವಾಗ ಬರ್ತಾರೆ? ಕೆಲಸ ಮುಗಿದ ಮೇಲೆ. ಅಷ್ಟೇ. ಅವನು ತೀರಿಕೊಂಡು ಆಗಲೇ ಆರು ತಿಂಗಳಾಗಿತ್ತು. ಹೇಳಿದರಾಯಿತು ಎಂದುಕೊಂಡಳು. ಒಂದು ವಾರ ಹೋಯಿತು, ಗಿಣಿ ದಿನವೂ, "ಫೋನ್ ಬಂತಾ ಟೀಚರ್? ಏನಂದ್ರು?" ಎಂದು ರೇಗಿಸಲು ಶುರುಮಾಡಿದಳು. ಅವನೇ ಹೇಳಿದನೆಂಬಂತೆ ಅವಳು ಏನಾದರೂ ಹೇಳುತ್ತಿದ್ದಳು. ಅಲ್ಲಿ ಸೆಕೆಯಂತೆ. ಹೊಸ ಅಡುಗೆಯವನು ಬಂದಿದ್ದಾನಂತೆ. ತವರಿನಲ್ಲಿ, ನೆಂಟರಲ್ಲಿ, ಬ್ಯಾಂಕಿನಲ್ಲಿ, ಎಲ್ಲ ಕಡೆ ಅವನು ಸತ್ತಿದ್ದ. ಈ ಕೋಣೆಯೊಂದರಲ್ಲಿ ಅವನಿಗೆ ಸೆಕೆಯಾಗುತ್ತಿತ್ತು.

ಈಗ ಪುಸ್ತಕದಲ್ಲಿ ಪ್ರೆಸ್ಸಿನವನು ಸತ್ತಿದ್ದ. ಊರಿಗೆ ಮೊದಲ ಅಚ್ಚುಮೊಳೆ ತಂದವನು, ಹೆಂಡತಿಯ ಜೊತೆ ದಿನವೂ ಜಗಳವಾಡುವವನು, ಮೂವರಿಗೂ ಅಚ್ಚುಮೆಚ್ಚಿನವನು. ಅದನ್ನು ಬಾಯಿಬಿಟ್ಟು ಹೇಳಿದರೆ ತನ್ನ ದನಿ ಏನಾಗುತ್ತದೋ ಅವಳಿಗೆ ಗೊತ್ತಿರಲಿಲ್ಲ. ಅಥವಾ ಚೆನ್ನಾಗಿ ಗೊತ್ತಿತ್ತು.

"ಡಾಕ್ಟರು ನಕ್ಕರು," ಎಂದು ಇನ್ನೊಮ್ಮೆ ಹೇಳಿ ಅವಳು ಮತ್ತೆ ನಡೆಯತೊಡಗಿದಳು. "'ಗಂಡಾಂತರ ಕಳೀತು, ಆದರೆ ಇಲ್ಲಿನ ಗಾಳಿ ಇವರಿಗೆ ಆಗೋಲ್ಲ, ಎಲ್ಲಾದರೂ ಬೆಟ್ಟದ ಕಡೆ ಕಳಿಸಿ' ಎಂದರು."

ಕಣ್ಣು ಪುಟದ ಮೇಲಿತ್ತು, ಓದುತ್ತಿರಲಿಲ್ಲ. ಪ್ರೆಸ್ಸಿನವನು ಬೆಟ್ಟಕ್ಕೆ ಹೋದ. ಅಲ್ಲಿಂದ ಹೆಂಡತಿಗೆ ಕಾಗದ ಬರೆದ. ಇಷ್ಟು ವರ್ಷ ನಿನ್ನ ಜೊತೆ ಜಗಳವಾಡಿದ್ದು ಪ್ರೆಸ್ಸಿನ ಸದ್ದಿನಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ ಅಂತ. ಇಲ್ಲಿ ಸದ್ದೇ ಇಲ್ಲ, ನಿನ್ನ ಬೈಗುಳ ಬೇಕೆನಿಸುತ್ತಿದೆ ಎಂದು ಬರೆದ. ಕಾಗದ ಉದ್ದವಾಯಿತು. ಗಿಣಿ ಮೂಗು ಒರೆಸಿಕೊಂಡಳು. ಅಕ್ಕನ ಕಡ್ಡಿ ಕೂಡ ಒಂದು ಗಳಿಗೆ ನಿಧಾನವಾಯಿತು. ಕೊನೆಗೆ ಗಂಟಲು ಒಣಗಿ ಅವಳು ಬೆರಳಿನಿಂದ ತಡಕಿ, ಐದು ಹಾಳೆ ಒಟ್ಟಿಗೆ ಹಿಡಿದು ಒಂದೇ ಸಲ ಮಗುಚಿದಳು. ಅಲ್ಲಿ 'ಎರಡು ವರ್ಷಗಳ ನಂತರ' ಎಂದಿತ್ತು. ದೊಡ್ಡಮ್ಮ ಒಂದು ಗುಂಡಿ ತೆಗೆದು ಬಲಗಡೆಗೆ ಹಾಕಿದಳು.

ಊಟದ ಹೊತ್ತಿಗೆ ಗಿಣಿ ಡಬ್ಬಿ ಬಿಚ್ಚುತ್ತ ಹೇಳಿದಳು: "ಗಂಡ ಅಂದ್ರೆ ಹಾಗಿರಬೇಕು. ನಮ್ಮನೇವರು ಮೊನ್ನೆ ನನಗೆ ಮೆಸೇಜು ಕಳಿಸಿದ್ರು. ಏನು ಅಂದ್ಕೊಂಡ್ರಿ? 'ಮೋಟರ್ ಆಫ್ ಮಾಡು'."

"ಪೂರ್ತಿ ವಾಕ್ಯ ಬರೆದಿದ್ದಾನಲ್ಲ, ಪುಣ್ಯವಂತೆ," ಎಂದಳು ದೊಡ್ಡಮ್ಮ.

ಮೂರು ಗಂಟೆಗೆ ಯಜಮಾನಿ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದಳು. ಹೆರಿಗೆ ಆಸ್ಪತ್ರೆಯವರ ಸ್ವೆಟರುಗಳನ್ನು ನಾಡಿದ್ದು ಕೊಡಬೇಕಿತ್ತು. ಹಿಂದಿನ ದಿನ ಮುಗಿದ ಎಡತೋಳು, ಇವತ್ತಿನ ಬಲತೋಳು ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹಾಸಿದಳು. ಟೇಪು ಹಿಡಿಯುವ ಅಗತ್ಯವೇ ಬೀಳಲಿಲ್ಲ. ದೊಡ್ಡಮ್ಮನದೂ ಗಿಣಿಯದೂ ಬಲತೋಳು ಎಡತೋಳಿಗಿಂತ ನಾಲ್ಕು ಬೆರಳು ಉದ್ದವಿದ್ದವು. ಅಕ್ಕನ ಕಾರ್ಡಿಗನ್ನಿನ ಬಲ ಮುಂಭಾಗ ಎಡಕ್ಕಿಂತ ಕೆಳಗೆ ಇಳಿದಿತ್ತು.

"ಇದೇನಿದು? ಕೂಸಿಗೋ, ಕೋತಿಗೋ?"

ಗಿಣಿ ನಕ್ಕುಬಿಟ್ಟಳು. ಯಜಮಾನಿ ನಗಲಿಲ್ಲ.

"ಮೂರೂ ಹೀಗೆ ಅಂದ್ಮೇಲೆ ಕೈ ತಪ್ಪಿದ್ದಲ್ಲ, ಗುಂಡಿ ತಪ್ಪಿದ್ದು. ದೊಡ್ಡಮ್ಮ, ಎಷ್ಟು ಹಾಕಿದ್ರಿ?"

"ಹನ್ನೆರಡು."

"ಹನ್ನೆರಡಕ್ಕೆ ಇಷ್ಟುದ್ದ ಬರುತ್ತಾ?"

"ಹಾಳೆ ಮಗುಚಿದ್ದು ಕೇಳಿಸದೆ ನಾನು ಗುಂಡಿ ಮುಟ್ಟಲ್ಲ. ನಿನ್ನೆ ಮೊನ್ನೆ ಬಂದೋಳಾ ನಾನು?"

"ಅದೇ ನಾನೂ ಹೇಳೋದು," ಯಜಮಾನಿಯ ದನಿ ಮೆತ್ತಗಾಯಿತು. ಆ ಮೆತ್ತನೆಯ ದನಿ ಗದರಿಕೆಗಿಂತ ಕೆಟ್ಟದಾಗಿತ್ತು. "ಹಾಳೆ ಮಗುಚಿರ್ತಾಳೆ, ನಿಮಗೆ ಕೇಳಿಸಿರಲ್ಲ. ವಯಸ್ಸು ಯಾರನ್ನ ಬಿಟ್ಟಿದೆ? ಒಂದ್ಸಲ ಕಿವಿ ತೋರಿಸ್ಕೊಳ್ಳಿ. ನಾಳೆಯಿಂದ ಗಿಣಿ ಎಣಿಸ್ಲಿ. ನೀವು ಗುಂಡಿ ಹೊಲೀರಿ ಸಾಕು, ಹೆಣಿಗೆ ಬೇಡ."

ಓದುವವಳು ಕಿಟಕಿಯ ಹತ್ತಿರ ಪುಸ್ತಕವನ್ನು ಎದೆಗವಚಿಕೊಂಡು ನಿಂತಿದ್ದಳು. ಬಾಯಿ ತೆರೆದಳು. ಕೆಳಗೆ ರಸ್ತೆಯಲ್ಲಿ ಯಾರೋ ಲಾರಿಯನ್ನು ಹಿಂದಕ್ಕೆ ತೆಗೆಸುತ್ತ, "ಬಾ, ಬಾ, ಬಾ" ಎಂದು ಕೂಗುತ್ತಿದ್ದರು. ಬಾಯಿ ಮುಚ್ಚಿದಳು.

ಯಜಮಾನಿ ಕೆಳಗಿಳಿದ ಮೇಲೆ ದೊಡ್ಡಮ್ಮ ಸ್ವಲ್ಪ ಹೊತ್ತು ಬಿಟ್ಟು, ಯಾರೂ ನೋಡುತ್ತಿಲ್ಲ ಅಂದುಕೊಂಡು, ಬಲಗಿವಿಯ ಹತ್ತಿರ ಹೆಬ್ಬೆರಳು ತೋರುಬೆರಳು ಉಜ್ಜಿ ನೋಡಿಕೊಂಡಳು. ಆಮೇಲೆ ಎಡಗಿವಿಯ ಹತ್ತಿರ.

ಸಂಜೆ ಓದುವವಳು ಬಸ್ಸು ಬಿಟ್ಟು ನಡೆದೇ ಮನೆಗೆ ಹೋದಳು. ಬಾಗಿಲಲ್ಲಿ ಕೊರಿಯರಿನವನು ನಿಂತಿದ್ದ. ಗಂಡನ ಹೆಸರಿಗೆ ಯಾವುದೋ ಇನ್ಶೂರೆನ್ಸಿನ ಲಕೋಟೆ. "ಸಾರ್ ಇಲ್ವಾ ಮೇಡಂ?" ಅವಳು ಪೆನ್ನು ತೆಗೆದುಕೊಂಡು ಸಹಿ ಮಾಡಿದಳು. "ಕೆಲಸದ ಮೇಲೆ ಹೋಗಿದ್ದಾರೆ," ಎಂದಳು. ಅವನು ಕೇಳಿದ್ದು ಅಷ್ಟೇ, ತಿರುಗಿ ಹೊರಟೂಬಿಟ್ಟಿದ್ದ. ಬೆನ್ನಿಗೆ ಹೇಳಿದಂತಾಯಿತು.

ಅಡುಗೆಮನೆಯ ಕಟ್ಟೆಗೆ ಪುಸ್ತಕ ಆನಿಸಿ ತಾನು ಹಾರಿಸಿದ ಒಂಬತ್ತು ಪುಟ ಓದಲು ನಿಂತಳು. ಅರ್ಧ ಪುಟಕ್ಕೆ ಒಲೆ ಒರೆಸಿದಳು. ಒಂದು ಪುಟಕ್ಕೆ ಹಾಲು ಕಾಯಿಸಿದಳು. ಪುಸ್ತಕದ ಹೆಂಡತಿ ನೆಲಕ್ಕೆ ಬಿದ್ದು ಅಳುತ್ತಿದ್ದಳು, ನೆಂಟರು ಹಿಡಿದುಕೊಳ್ಳುತ್ತಿದ್ದರು, ಹೊರಗೆ ಮರಗಳು ಕೂಡ ಅಲುಗಾಡದೆ ನಿಂತಿದ್ದವು. ಎಲ್ಲ ಚೆನ್ನಾಗಿಯೇ ಬರೆದಿತ್ತು. ಹಾಲು ಉಕ್ಕಿತು. ಮತ್ತೆ ಒಲೆ ಒರೆಸಿದಳು. ಹೇಳದೆ ಇದ್ದರೆ ಏನಾಗುತ್ತದೆ? ಗಿಣಿ ನಾಳೆಯೂ ಫೋನ್ ಬಂತಾ ಎಂದು ಕೇಳುತ್ತಾಳೆ. ದೊಡ್ಡಮ್ಮ ಗುಂಡಿ ಹೊಲಿಯುತ್ತಾಳೆ. ಕೋಣೆಯಿಂದ ಕೋಣೆಗೆ ನಡೆದಳು. ಮನೆಯಲ್ಲಿದ್ದದ್ದು ಎರಡೇ ಕೋಣೆ, ಬೇಗ ಮುಗಿದುಹೋಗುತ್ತಿದ್ದವು.

ಬೆಳಿಗ್ಗೆ ಅವಳು ಹೋದಾಗ ಬೆಂಚಿನ ಹಿಂದೆ ಗಿಣಿ ಹಳೆಯ ಕ್ಯಾಲೆಂಡರು ಹಿಡಿದು ನಿಂತಿದ್ದಳು. ದೊಡ್ಡಮ್ಮ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಈಗ?" ಗಿಣಿ ಒಂದು ತಿಂಗಳು ಮಗುಚಿದಳು.

"ಮಗುಚಿದೆ."

"ಈಗ?" ಗಿಣಿ ಸುಮ್ಮನೆ ನಿಂತಿದ್ದಳು.

ದೊಡ್ಡಮ್ಮ ಬಹಳ ಹೊತ್ತು ಯೋಚಿಸಿದಳು. "ಮಗುಚಿದೆ," ಎಂದಳು.

ಗಿಣಿ ಅಕ್ಕನ ಮುಖ ನೋಡಿದಳು. "ಸರಿಯಾಗೇ ಹೇಳಿದ್ರಿ ದೊಡ್ಡಮ್ಮ," ಎಂದಳು.

"ಸುಳ್ಳು ಹೇಳಿದ್ರೆ ಮೂತಿ ಮುರೀತೀನಿ. ನಿನ್ನ ದನಿ ನನಗೆ ಗೊತ್ತಾಗಲ್ವಾ?" ದೊಡ್ಡಮ್ಮ ಈ ಕಡೆ ತಿರುಗಿ, ಬಟ್ಟಲೆರಡನ್ನೂ ಎತ್ತಿ ಗಿಣಿಯ ಮಡಿಲಿಗೆ ಇಟ್ಟಳು. "ತಗೋ. ಎಡದಿಂದ ಬಲಕ್ಕೆ. ನಡುವೆ ಯಾರಾದ್ರೂ ಮಾತಾಡಿಸಿದ್ರೆ ಉತ್ತರ ಕೊಡ್ಬೇಡ. ನಿನಗೆ ಅದೇ ಕಷ್ಟ."

"ನಿಮ್ಮ ಕಿವಿಗೆ ಏನೂ ಆಗಿಲ್ಲ," ಎಂದಳು ಓದುವವಳು. ಬಾಗಿಲಲ್ಲೇ, ಚಪ್ಪಲಿ ಕೂಡ ಬಿಚ್ಚದೆ. "ನಾನು ಮಗುಚಲಿಲ್ಲ. ಅರ್ಧ ಗಂಟೆ ಒಂದೇ ಪುಟದಲ್ಲಿ ನಿಂತಿದ್ದೆ. ಆಮೇಲೆ ಐದು ಹಾಳೆ ಒಟ್ಟಿಗೆ ಹಾರಿಸಿದೆ."

"ಯಾಕೆ?" ಎಂದಳು ದೊಡ್ಡಮ್ಮ.

"ಪ್ರೆಸ್ಸಿನವನು ಸತ್ತುಹೋದ. ಡಾಕ್ಟರು ನಗಲಿಲ್ಲ."

ಮೊದಲು ಎಚ್ಚೆತ್ತವಳು ಗಿಣಿ. "ಹಾಗಾದ್ರೆ ಆ ಕಾಗದ? ಬೆಟ್ಟದಿಂದ ಬರೆದಿದ್ದು?"

"ಅದನ್ನು ನಾನೇ ಹೇಳಿದ್ದು."

"ಅಯ್ಯೋ ದೇವರೇ! ಅದನ್ನ ನಮ್ಮನೇವರಿಗೆ ಪೂರ್ತಿ ಒಪ್ಪಿಸಿದೆನಲ್ಲ. ಕಲೀರಿ ನೋಡಿ, ಗಂಡಸರು ಹೀಗಿರ್ತಾರೆ ಅಂತ ಬೈದೆ. ಪಾಪ, ಅನ್ನ ಬಿಟ್ಟು ಎದ್ದುಹೋದ್ರು."

ದೊಡ್ಡಮ್ಮನ ಮುಖ ಕೆಂಪಾಗಿತ್ತು. "ನಿನ್ನೆ ಮೂರು ಗಂಟೆಯಿಂದ ಕಿವುಡಿಯಾಗಿದ್ದೀನಿ ಕಣೇ ನಾನು. ಸೊಸೆ ಮೆತ್ತಗೆ ಮಾತಾಡಿದ್ದನ್ನೆಲ್ಲ ನನಗೆ ಕೇಳಿಸ್ತಿಲ್ಲ ಅಂತ ಅಂದ್ಕೊಂಡು, ಕುಕ್ಕರ್ ಎಷ್ಟು ಸಲ ಕೂಗ್ತು ಅಂತ ಎಣಿಸ್ತಾ ಕೂತಿದ್ದೆ. ಮೇಜಿನ ಹತ್ತಿರ ನಿಂತಾಗಲೇ ಒಂದು ಮಾತು ಹೇಳೋಕೆ ನಿನಗೇನಾಗಿತ್ತು?"

ಅವಳು ಚಪ್ಪಲಿ ಬಿಚ್ಚಿದಳು. ಒಂದು ಮಗುಚಿಬಿತ್ತು, ಬಗ್ಗಿ ಸರಿಮಾಡಿದಳು.

"ಕಥೇಲಿ ಜನ ಸಾಯ್ತಾರೆ," ದೊಡ್ಡಮ್ಮ ಮೇಜಿನ ಮೇಲಿನ ಉದ್ದ ತೋಳನ್ನು ಎಳೆದುಕೊಂಡು ತುದಿಯ ಗಂಟು ಬಿಚ್ಚಿದಳು. "ಅದಕ್ಕೆ ನಾವೇನು ಚಿಕ್ಕ ಮಕ್ಕಳಾ, ಹಲ್ಲು ಕಿತ್ತಾಗ ಪೆಪ್ಪರಮಿಂಟು ಕೊಡೋ ಹಾಗೆ ಸಮಾಧಾನ ಮಾಡೋಕೆ? ತೆಗಿ ಪುಸ್ತಕ. ಈಗ ಇಪ್ಪತ್ತು ಸಾಲು ಬಿಚ್ಚಬೇಕು. ಬಿಚ್ಚೋಕೆ ಲೆಕ್ಕ ಬೇಡ. ಆ ಹಾರಿಸಿದ ಪುಟಾನೆಲ್ಲ ಓದು."

ಗಿಣಿಯೂ ಅಕ್ಕನೂ ತಮ್ಮ ತಮ್ಮ ತುಂಡು ಎತ್ತಿಕೊಂಡರು. ನೂಲು ಕುಣಿಕೆಯಿಂದ ಕುಣಿಕೆಗೆ ಸಣ್ಣದಾಗಿ ಟಪಟಪ ಎನ್ನುತ್ತ ಬಿಚ್ಚಿಕೊಳ್ಳತೊಡಗಿತು.

ಅವಳು ಓದಿದಳು. ಡಾಕ್ಟರು ಕನ್ನಡಕ ತೆಗೆದರು. ಮೂರು ಪದದ ಸಾಲನ್ನು ಓದಿದಳು. ದನಿಗೆ ಏನೂ ಆಗಲಿಲ್ಲ, ಅದೇ ಆಶ್ಚರ್ಯ. ಕಿಟಕಿಗೆ ಹೋದಳು, ಬಾಗಿಲಿಗೆ ಬಂದಳು. ಹೆಂಡತಿ ನೆಲಕ್ಕೆ ಬಿದ್ದಳು. ನೆಂಟರು ಹಿಡಿದುಕೊಂಡರು. ಗಿಣಿ ಕಣ್ಣೊರೆಸಿಕೊಂಡಳು. ಮರಗಳು ಅಲುಗಾಡದೆ ನಿಂತವು. ಅವಳು ಹಾಳೆ ಮಗುಚಿದಳು. ಮತ್ತೊಂದು ಮಗುಚಿದಳು. ನೆರೆಯವರು ಬಂದರು, ಪ್ರೆಸ್ಸಿನ ಬಾಗಿಲು ಹಾಕಿದರು.

"ಬೆಳಿಗ್ಗೆ ಎಂಟೂವರೆಗೆ ಫೋನು ಬಂತು," ಎಂದಳು. "ಗುರುತಿಲ್ಲದ ನಂಬರು. ಒಬ್ಬ ಗಂಡಸು ಮಾತಾಡಿದ. 'ಮನೆಯಲ್ಲಿ ಗಂಡಸರು ಯಾರಾದರೂ ಇದ್ದಾರಾ, ಸ್ವಲ್ಪ ಅವರಿಗೆ ಫೋನು ಕೊಡಿ' ಅಂದ. 'ಇಲ್ಲ, ಅವರು ಸೈಟಿಗೆ ಹೋಗಿದ್ದಾರೆ' ಅಂತ ಹೇಳಿದ್ದಾಯಿತು. ಆ ಕಡೆಯವನು ಏನೂ ಅನ್ನಲಿಲ್ಲ. ಹಿಂದೆ ಮಿಷನ್ನಿನ ಸದ್ದು ಕೇಳುತ್ತಿತ್ತು. 'ಸಂಜೆ ಆರಕ್ಕೆ ಬರ್ತಾರೆ, ಆಮೇಲೆ ಮಾಡಿ' ಅಂತ ಫೋನು ಇಟ್ಟಿದ್ದೂ ಆಯಿತು. ಒಲೆಯ ಮೇಲೆ ಏನೋ ಇತ್ತು. ಹತ್ತು ನಿಮಿಷ ಬಿಟ್ಟು ಅವನು ಮತ್ತೆ ಮಾಡಿದ. ಆ ಹತ್ತು ನಿಮಿಷ…"

"ಪ್ರೆಸ್ಸಿನವನಿಗೆ ಯಾವ ಸೈಟು?" ಎಂದಳು ಗಿಣಿ.

ಟಪಟಪ ನಿಂತಿತು. ಗಿಣಿ ಒಮ್ಮೆ ದೊಡ್ಡಮ್ಮನ ಮುಖ, ಒಮ್ಮೆ ಓದುವವಳ ಮುಖ ನೋಡಿದಳು. ಆಮೇಲೆ ಮುಷ್ಟಿಯಲ್ಲಿದ್ದ ನೂಲಿನ ಸಮೇತ ಬಾಯಿ ಮುಚ್ಚಿಕೊಂಡಳು.

"ಯಾವಾಗ?" ಎಂದಳು ದೊಡ್ಡಮ್ಮ.

"ಹದಿನಾಲ್ಕು ತಿಂಗಳಾಯಿತು."

"ದಿನಾ ಕೇಳ್ತಿದ್ದೆನಲ್ಲ ನಾನು," ಗಿಣಿಯ ಮಾತು ಬೆರಳುಗಳ ಸಂದಿಯಿಂದ ಬಂತು. "ದಿನಾ ಕೇಳ್ತಿದ್ದೆ. ಫೋನ್ ಬಂತಾ, ಫೋನ್ ಬಂತಾ ಅಂತ."

"ನೀನು ಕೇಳಿದ್ದು ಚೆನ್ನಾಗಿತ್ತು," ಎಂದಳು ಅವಳು. ಅದು ನಿಜವಾಗಿತ್ತು. ಇನ್ನು ಯಾರೂ ಕೇಳುವುದಿಲ್ಲವೆಂದು ಆ ಕ್ಷಣ ಅವಳಿಗೆ ಹೊಳೆಯಿತು. ಕಾಲು ಮತ್ತೆ ಕಿಟಕಿಯ ಕಡೆಗೆ ಎಳೆಯಿತು. ಹೆಜ್ಜೆ ಎತ್ತಿದಳು.

"ಎಲ್ಲಿಗೆ?" ದೊಡ್ಡಮ್ಮ ಬೆಂಚಿನ ಮೇಲಿದ್ದ ನೂಲುಂಡೆಗಳನ್ನು ಪಕ್ಕಕ್ಕೆ ಸರಿಸಿದಳು. "ಬಾ ಇಲ್ಲಿ. ಕೂತ್ಕೋ. ಬಿಚ್ಚಿದ ನೂಲು ಸುಕ್ಕಾಗಿದೆ, ಲಡಿ ಮಾಡಿ ಒಗೆದು ಒಣಗಿಸ್ಬೇಕು. ಕೈ ಚಾಚು. ಎರಡೂ."

ಅವಳು ಕೂತು ಕೈ ಚಾಚಿದಳು. ದೊಡ್ಡಮ್ಮ ಒಂದು ತುದಿಯನ್ನು ಅವಳ ಹೆಬ್ಬೆರಳಿಗೆ ಕಟ್ಟಿ ನೂಲನ್ನು ಈ ಕೈಯಿಂದ ಆ ಕೈಗೆ ಸುತ್ತತೊಡಗಿದಳು. ಹೆಣಿಗೆಯಲ್ಲಿ ಮಡಚಿದ್ದ ನೂಲು ಗುಂಗುರು ಕೂದಲಿನಂತೆ ಸುರುಳಿ ಸುರುಳಿಯಾಗಿ ಬರುತ್ತಿತ್ತು. "ಕೈ ಇಳಿಸ್ಬೇಡ. ಇಳಿಸಿದ್ರೆ ಗೋಜಲಾಗುತ್ತೆ." ಅವಳು ಇಳಿಸಲಿಲ್ಲ. ಮೊಣಕಾಲು ಎರಡು ಸಲ ಕುಣಿಯಿತು. ಎದುರಿಗೆ ಗೋಡೆ, ಗೋಡೆಯ ಮೇಲೆ ನೂಲಿನ ಬಣ್ಣಗಳ ಪಟ್ಟಿ. ನೀಲಿಯೇ ಹದಿನಾರು ಥರ ಇತ್ತು. ಇಷ್ಟು ದಿನ ಓಡಾಡಿದವಳು ಅದನ್ನು ನೋಡಿರಲಿಲ್ಲ.

ಕಣ್ಣಿನಿಂದ ಇಳಿದದ್ದು ಮೂಗಿನ ಪಕ್ಕದಲ್ಲಿ ಹರಿದು ತುಟಿಗೆ ಬಂತು. ಒರೆಸಿಕೊಳ್ಳಲು ಕೈ ಇರಲಿಲ್ಲ. ಗಿಣಿ ಸೆರಗಿಗಾಗಿ ತಡಕಾಡುವಷ್ಟರಲ್ಲಿ ಅಕ್ಕ ಎದ್ದು ಬಂದು, ತನ್ನ ಕಾರ್ಡಿಗನ್ನಿನ ಎಡ ಮುಂಭಾಗದಿಂದ, ಸರಿಯಾಗಿದ್ದ ಆ ತುಂಡಿನಿಂದಲೇ, ಅವಳ ಮುಖವನ್ನು ಗಟ್ಟಿಯಾಗಿ ಒರೆಸಿದಳು.

"ಅಕ್ಕಾ, ಅದು ಆರ್ಡರಿನದು!"

"ಹೇಗೂ ಒಗೆದೇ ಕೊಡೋದು," ಎಂದಳು ಅಕ್ಕ. ಮತ್ತೆ ಹೋಗಿ ತನ್ನ ಜಾಗದಲ್ಲಿ ಕೂತಳು.

"ಯಜಮಾನಿ ಬರ್ತಿದ್ದಾಳೆ," ಎಂದಳು ದೊಡ್ಡಮ್ಮ.

ಉಳಿದವರಿಗೆ ಇನ್ನೂ ಏನೂ ಕೇಳಿಸಿರಲಿಲ್ಲ. ಆಮೇಲೆ ಕೆಳಗಿನ ಮೆಟ್ಟಿಲಿನಲ್ಲಿ ಚಪ್ಪಲಿಯ ಸದ್ದಾಯಿತು.

"ನಾನು ಹೇಳ್ತೀನಿ ಅವರಿಗೆ," ಎಂದು ಅವಳು ಏಳಹೋದಳು.

"ಹೇಳುವಿಯಂತೆ. ಕೈ ಮೇಲಿಡು."

ಅವಳು ಕೈ ಮೇಲಿಟ್ಟಳು. ಮೆಟ್ಟಿಲ ಸದ್ದು ಹತ್ತಿರವಾಗುತ್ತಿತ್ತು. ಹಾಲಿನ ಬಣ್ಣದ ನೂಲು ಒಂದು ಮಣಿಕಟ್ಟನ್ನು ಬಳಸಿ ಇನ್ನೊಂದಕ್ಕೆ ಹೋಗುತ್ತಿತ್ತು, ಅಲ್ಲಿಂದ ತಿರುಗಿ ಬರುತ್ತಿತ್ತು.